ಸಿಲ್ಲೇದಾರಿಯೂ ಟ್ಯಾಂಕುದಳವೂ

ಭಾರತದ ಸೈನ್ಯದಲ್ಲಿ ಟ್ಯಾಂಕುಗಳನ್ನು ನಡೆಸುವ ವಿಭಾಗಕ್ಕೆ ಕವಚಿತದಳವೆಂದು ಹೆಸರು. ಈ ದಳದ ಸಾಮಾನ್ಯ ಸೈನಿಕನನ್ನು ಇಂದಿಗೂ ಸವಾರನೆಂದೇ ಕರೆಯುವರು. ಅವನ ಮೇಲಣವನು ದಫೇದಾರ. ದಫೇದಾರನ ಮೇಲೆ ನಾಯಬ್ ರಿಸಾಲ್ದಾರ, ರಿಸಾಲ್ದಾರ, ರಿಸಾಲ್ದಾರ್ ಮೇಜರ್ ಎಂಬ ಪದವಿಗಳುಂಟು. ಕಾಲಾಳುಪಡೆಯಲ್ಲಿಯಾಗಲಿ ಫಿರಂಗಿದಳದಲ್ಲಿಯಾಗಲಿ ಈ ಹೆಸರುಗಳಿಲ್ಲ. ಸವಾರಿಗೆ ಕುದುರೆಯಿಲ್ಲದ ಈ ಸವಾರನು ಕುಳಿತುಕೊಳ್ಳುವುದು ನಾಲ್ವತ್ತು ಟನ್ನಿಗೂ ಮೀರಿದ ಉಕ್ಕಿನ ಯಂತ್ರದೊಳಗೆ.

ವಸ್ತು ಹೋಗಿ ಹೆಸರು ಉಳಿಯುವುದು ಭಾಷೆಯಲ್ಲಿ ಅಪೂರ್ವವಲ್ಲ. ನಮ್ಮ ಸರ್ಕಾರಿ ಕಚೇರಿಗಳ ಬಾಗಿಲಲ್ಲಿ ನಿಲ್ಲುವ ದಫೇದಾರನು ಯಾವ ಅಶ್ವದಳಕ್ಕೂ ಸೇರಿದವನಲ್ಲ. ಉತ್ತರ ಕರ್ನಾಟಕದಲ್ಲಿ ಸಿಲ್ಲೇದಾರ, ಜಮಾದಾರ, ರಿಸಾಲ್ದಾರ ಎಂಬ ಅಡ್ಡಹೆಸರುಳ್ಳ ಮನೆತನದವರು ಒಕ್ಕಲುತನವನ್ನೋ ವ್ಯಾಪಾರವನ್ನೋ ಮಾಡಿಕೊಂಡಿರುವರು. ಟ್ಯಾಂಕುದಳದ ಸವಾರನೆಂಬ ಹೆಸರೂ ಹೀಗೆಯೇ ಪೊರೆಗಳಚಿದ ಶಬ್ದಮಾತ್ರವೋ, ಅಥವಾ ಅದರ ಹಿಂದೆ ಏನಾದರೂ ಅರ್ಥವು ಜೀವಿಸಿರುವುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ವಿಷಯದಲ್ಲಿ ಎರಡು ಪೂರ್ವಪಕ್ಷಗಳುಂಟು. ಟ್ಯಾಂಕೆಂಬುದು ನಮ್ಮ ಪ್ರಾಚೀನ ರಥದ, ಇಲ್ಲವೆ ಗಜದ, ನವೀನಾವತಾರವೆಂಬುದು ಮೊದಲನೆಯದು. ಭಾಷಣಗಳಲ್ಲಿ ಇದು ಆಗಾಗ ಕೇಳಿಬರುವುದು. ಕೇಳುವುದಕ್ಕೆ ಹಿತವಾಗಿಯೂ ಇರುವುದು. ಕವಚಿತದಳವು ಕುದುರೆಯನ್ನು ಬಿಟ್ಟು ಯಂತ್ರವನ್ನೇರಿದ ಅಶ್ವದಳವೇ ಹೊರತು ಬೇರೆಯಲ್ಲ, ಬದಲಾದದ್ದು ವಾಹನವೊಂದೇ, ಎಂಬುದು ಎರಡನೆಯದು. ಇದು ಸೈನ್ಯದವರ ಪಕ್ಷ. ಮೊದಲನೆಯದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ. ನಮ್ಮ ದೇಶದಲ್ಲಿ ರಥವು ಯುದ್ಧರಂಗವನ್ನು ಬಿಟ್ಟು ದೇವಾಲಯದ ಬೀದಿಯನ್ನು ಸೇರಿ ಬಹುಕಾಲವಾಯಿತು. ಆನೆಯು ಫಿರಂಗಿಯ ಮುಂದೆ ನಿಲ್ಲಲಾರದೆ ಭಾರವನ್ನೆಳೆಯುವ ಕೆಲಸಕ್ಕೆ ಬಿದ್ದಿತು. ಇವಕ್ಕೂ ಟ್ಯಾಂಕಿಗೂ ನಡುವೆ ಯಾವ ಪರಂಪರೆಯೂ ಇಲ್ಲ, ಇರುವುದು ಉಪಮೆಯೊಂದೇ. ಉಪಮೆಯು ಅಲಂಕಾರವೇ ಹೊರತು ಪ್ರಮಾಣವಲ್ಲ. ಎರಡನೆಯ ಪಕ್ಷವು ಅರ್ಧಸತ್ಯ. ಪರಂಪರೆಯೇನೋ ಉಂಟು, ಆದರೆ ಯಂತ್ರವು ಬರುವುದಕ್ಕೆ ಹದಿನೈದು ಹದಿನಾರು ವರ್ಷ ಮೊದಲೇ ಅಶ್ವದಳದೊಳಗೆ ಒಂದು ದೊಡ್ಡ ಮಾರ್ಪಾಡು ನಡೆದುಹೋಗಿತ್ತು. ಕುದುರೆಯು ಯಾರ ಸ್ವತ್ತೆಂಬುದೇ ಆ ಮಾರ್ಪಾಡಿನ ತಿರುಳು. ಅದು ನಡೆಯದೆ ಇದ್ದಿದ್ದರೆ ಟ್ಯಾಂಕುದಳವು ಅಶ್ವದಳದಿಂದ ಹುಟ್ಟುವುದು ಅಸಾಧ್ಯವಾಗುತ್ತಿತ್ತು.

ಕುದುರೆಯ ಒಡೆತನವನ್ನು ಕುರಿತು ನಮ್ಮ ದೇಶದಲ್ಲಿ ಮೊದಲಿಂದಲೂ ಎರಡು ಪದ್ಧತಿಗಳಿದ್ದುವು. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳಿರುವುದಷ್ಟೆ. ಅಲ್ಲಿ ಕುದುರೆಗಳೆಲ್ಲ ಅರಸನವು. ಅವುಗಳ ಕುಲ, ವಯಸ್ಸು, ಬಣ್ಣ, ಚಿಹ್ನೆ, ಬಂದ ಬಗೆ ಇವುಗಳನ್ನು ಅಧ್ಯಕ್ಷನು ಲೆಕ್ಕದಲ್ಲಿ ಬರೆಯಿಸಬೇಕು, ಲಾಯವನ್ನು ಕಟ್ಟಿಸಬೇಕು, ಮೇವಿನ ಪ್ರಮಾಣವನ್ನು ಗೊತ್ತುಮಾಡಬೇಕು. ಏರುವವನು ಬೇರೆ, ಒಡೆಯನು ಬೇರೆ. ಮರಾಠರ ಕಾಲದಲ್ಲಿ ಈ ಪದ್ಧತಿಯ ಸವಾರನಿಗೆ ಬಾರ್ಗೀರನೆಂದು ಹೆಸರಾಯಿತು. ಅವನ ಕುದುರೆಯೂ ಆಯುಧವೂ ಪಾಗೆಯವು, ಎಂದರೆ ಸರ್ಕಾರದ ಲಾಯದವು. ತನ್ನ ಸ್ವಂತ ಕುದುರೆಯನ್ನೂ ಆಯುಧವನ್ನೂ ತಂದು ಚಾಕರಿಗೆ ನಿಲ್ಲುವವನು ಸಿಲ್ಲೇದಾರ. ಶಸ್ತ್ರಾರ್ಥಕವಾದ ಅರಬ್ಬಿಯ 'ಸಿಲಾಹ್' ಎಂಬ ಮಾತಿಗೆ ಪಾರಸಿಯ 'ದಾರ್' ಪ್ರತ್ಯಯವು ಸೇರಿ ಈ ಶಬ್ದವಾಗಿರುವುದು. ಶಿವಾಜಿಯು ಬಾರ್ಗೀರರನ್ನೇ ಹೆಚ್ಚಾಗಿ ನಂಬಿದನೆಂಬುದು ಪ್ರಸಿದ್ಧವಾಗಿದೆ. ಕಾರಣವು ಸ್ಪಷ್ಟ. ಸಿಲ್ಲೇದಾರನಿಗೆ ಕುದುರೆಯೇ ಮೂಲಧನ. ಅದು ಸತ್ತರೆ ಅವನ ಜೀವನೋಪಾಯವೇ ಸತ್ತಂತೆ. ಅಂಥವನು ಕುದುರೆಯನ್ನು ಅಪಾಯಕ್ಕೆ ಒಡ್ಡುವಾಗ ಎರಡು ಸಲ ಯೋಚಿಸುವುದು ಸಹಜ.

ಮೈಸೂರಿನವರಿಗೆ ಸಿಲ್ಲೇದಾರರು ಹೊಸಬರಲ್ಲ. 1799ರ ತರುವಾಯ ಒಡೆಯರ ರಾಜ್ಯವು ಪುನಃ ಸ್ಥಾಪಿತವಾದ ಮೇಲೆ 1807ರ ಒಪ್ಪಂದದಿಂದ ಸಂಸ್ಥಾನವು 4,000 ಸವಾರರನ್ನು ಸಿದ್ಧವಾಗಿಟ್ಟಿರಬೇಕೆಂದು ನಿಶ್ಚಯವಾಯಿತು. ಮೈಸೂರು ಸಿಲ್ಲೇದಾರ್ ಕುದುರೆಯೆಂದು ಹೆಸರುಗೊಂಡ ಈ ದಳವು ಪಿಂಡಾರಿಗಳ ಮೇಲಣ ದಂಡಯಾತ್ರೆಯಲ್ಲಿ ಭಾಗಿಯಾಗಿತ್ತು.

ಕಂಪನಿಯವರ ಸೈನ್ಯದಲ್ಲಿ ಮೊದಲು ಎರಡು ಪದ್ಧತಿಗಳೂ ಜೊತೆಜೊತೆಯಾಗಿ ನಡೆದುವು. ಬಂಗಾಳದ ಸರ್ಕಾರಿ ಕುದುರೆಯ ರೆಜಿಮೆಂಟುಗಳು 1857ರ ದಂಗೆಯಲ್ಲಿ ಅಳಿದುಹೋದುವು. ಆಮೇಲೆ ಬೊಂಬಾಯಿಯ ಅಶ್ವದಳವನ್ನೂ ಸಿಲ್ಲೇದಾರಿಗೆ ತಿರುಗಿಸಿದರು. ಸಿಲ್ಲೇದಾರಿಯು ಸರ್ಕಾರಕ್ಕೆ ಅಗ್ಗವೆಂಬುದು ಒಂದು ಕಾರಣ. ಸ್ವಂತ ಬಂಡವಾಳವನ್ನು ಹೂಡಿದ ಹೊಲಮನೆಯುಳ್ಳವನು ದಂಗೆಯೇಳಲಾರನೆಂಬ ನಂಬಿಕೆಯು ಇನ್ನೊಂದು. ಹೊಸದಾಗಿ ಸೇರುವವನು 'ಅಸಾಮಿ'ಯೆಂಬ ಹಣವನ್ನು ರೆಜಿಮೆಂಟಿಗೆ ಕಟ್ಟಬೇಕು; ಅದರಿಂದ ಅವನಿಗೆ ಕುದುರೆಯೂ ಜೀನೂ ಉಡುಪೂ ದೊರೆಯುವುವು; ಚಾಕರಿಯನ್ನು ಬಿಡುವಾಗ ಆ ಹಣವು ಹಿಂದಕ್ಕೆ ಬರುವುದು. ಬಂದೂಕು ಮದ್ದುಗುಂಡುಗಳು ಮಾತ್ರ ಸರ್ಕಾರದವು. ಸಂಬಳವು ಕಾಲಾಳಿನದಕ್ಕಿಂತ ಹೆಚ್ಚು. ಆದರೆ ಅದರಲ್ಲಿಯೇ ಕುದುರೆಯ ಹೊಟ್ಟೆಯೂ ತುಂಬಬೇಕು. ಕುದುರೆ ಸತ್ತರೆ ನಷ್ಟವನ್ನು ತುಂಬುವುದಕ್ಕೆ ಎಲ್ಲರೂ ತಿಂಗಳು ತಿಂಗಳೂ ಹಣ ಹಾಕುವ ಚಂದಾನಿಧಿಯೊಂದಿರುತ್ತಿತ್ತು. ಸಿಲ್ಲೇದಾರ್ ರೆಜಿಮೆಂಟೆಂಬುದು ಹೀಗೆ ಸಾಹುಕಾರರ ಕೂಡುವ್ಯಾಪಾರದಂತೆ ನಡೆಯುತ್ತಿದ್ದ ಒಂದು ವಿಚಿತ್ರ ಸಂಸ್ಥೆ. ಇದಕ್ಕೆ ಸೇರದೆ ಹೊರಗುಳಿದವು ಮದ್ರಾಸಿನ ಮೂರು ರೆಜಿಮೆಂಟುಗಳು. ಅವುಗಳಲ್ಲಿ ಕುದುರೆಗಳು ಕಡೆಯವರೆಗೂ ಸರ್ಕಾರದವಾಗಿಯೇ ಇದ್ದುವು. ಈ ಅಂಶವನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕು. ಮುಂದೆ ಇದರ ಪ್ರಯೋಜನವಿದೆ.

1914ರ ಮಹಾಯುದ್ಧದಲ್ಲಿ ಸಿಲ್ಲೇದಾರಿಯು ಮುರಿದುಬಿದ್ದಿತು. ಗಡಿನಾಡಿನ ಸಣ್ಣ ದಂಡಯಾತ್ರೆಗಳಿಗೆ ಚಂದಾನಿಧಿಯು ಸಾಕು. ಫ್ರಾನ್ಸು, ಮೆಸೊಪೊಟೇಮಿಯ, ಪ್ಯಾಲೆಸ್ಟೈನುಗಳಲ್ಲಿ ವರ್ಷಗಟ್ಟಲೆ ನಡೆಯುವ ಯುದ್ಧದಲ್ಲಿ ಸತ್ತ ಆಳಿಗೂ ಸತ್ತ ಕುದುರೆಗೂ ಬದಲನ್ನು ರೆಜಿಮೆಂಟು ತಾನೇ ಒದಗಿಸಿಕೊಳ್ಳುವುದೆಂತು? ಯುದ್ಧವು ಮುಗಿದೊಡನೆ ಈ ಪದ್ಧತಿಯನ್ನು ತೆಗೆದುಹಾಕಿದರು. 39 ಅಶ್ವರೆಜಿಮೆಂಟುಗಳನ್ನು ಒಂದರೊಡನೊಂದು ಸೇರಿಸಿ 1922ರ ಹೊತ್ತಿಗೆ 21ಕ್ಕೆ ಇಳಿಸಿದರು. ಅಂದಿನಿಂದ ಭಾರತದ ಸವಾರರೆಲ್ಲರೂ ಬಾರ್ಗೀರರಾದರು. ಚರಿತ್ರೆಕಾರರು ಈ ಘಟನೆಯನ್ನು ಲೆಕ್ಕಪತ್ರದ ಸುಧಾರಣೆಯೆಂಬಂತೆ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುವರು. ವಾಸ್ತವವಾಗಿ ಟ್ಯಾಂಕುದಳದ ಚರಿತ್ರೆಯು ಆರಂಭವಾಗುವುದು ಇಲ್ಲಿಂದಲೇ. ಕುದುರೆಯನ್ನು ಸವಾರನು ಕೊಳ್ಳಬಹುದು. ಟ್ಯಾಂಕನ್ನು ಯಾವ ಸವಾರನೂ ಕೊಳ್ಳಲಾರನು. ಮನೆಯಿಂದ ಕುದುರೆಯನ್ನು ತರುವವನ ಮಾನವು ಆ ಕುದುರೆಯಲ್ಲಿ ಇರುವುದು. ಅದನ್ನು ಕಿತ್ತುಕೊಂಡು ಯಂತ್ರದಲ್ಲಿ ಕೂಡಿಸಿದರೆ ಅವನು ಸವಾರನಾಗಿ ಉಳಿಯನು. ಕುದುರೆಯು ಮೊದಲೇ ಸರ್ಕಾರದ್ದಾಗಿ, ರೆಜಿಮೆಂಟಿನ ಮಾನವು ಕುದುರೆಯಿಂದ ಕಳಚಿಕೊಂಡು ರೆಜಿಮೆಂಟಿನ ಹೆಸರಿನಲ್ಲಿಯೂ ಪೂರ್ವಿಕರ ಸ್ಮರಣೆಯಲ್ಲಿಯೂ ನೆಲೆಸಿದ್ದರಿಂದಲೇ ವಾಹನವನ್ನು ಬದಲಾಯಿಸುವುದು ಸಾಧ್ಯವಾಯಿತು.

ಇನ್ನು ಆ ವಾಹನದ ವಿಚಾರ. ಫ್ರಾನ್ಸಿನಲ್ಲಿ ಎರಡು ಸೈನ್ಯಗಳೂ ಕಂದಕಗಳನ್ನು ತೋಡಿ, ಮುಳ್ಳುತಂತಿಯನ್ನು ಹಾಕಿ, ಮೆಷಿನ್‌ಗನ್ನುಗಳನ್ನು ಹೂಡಿ ಕುಳಿತಿದ್ದಾಗ ಅವುಗಳನ್ನು ದಾಟುವ ಉಪಾಯವನ್ನು ಹುಡುಕುವುದಕ್ಕೆಂದು 1915ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ನೌಕಾಮಂತ್ರಿಯಾಗಿದ್ದ ಚರ್ಚಿಲ್ಲನು ಒಂದು ಸಮಿತಿಯನ್ನು ನೇಮಿಸಿದನು. ಲಿಂಕನ್ ನಗರದ ಕಾರ್ಖಾನೆಯೊಂದರಲ್ಲಿ ಟ್ರಿಟನ್, ವಿಲ್ಸನ್ ಎಂಬಿಬ್ಬರು ಯಂತ್ರಶಿಲ್ಪಿಗಳು ಅದನ್ನು ನಿರ್ಮಿಸಿದರು. ಗುಟ್ಟು ಹೊರಬೀಳದಿರಲೆಂದು ಇದು ನೀರು ತುಂಬುವ ತೊಟ್ಟಿಯೆಂದು ಹೇಳಿ ಟ್ಯಾಂಕೆಂಬ ಹೆಸರಿಟ್ಟರು. ಇಲ್ಲಿ ಶಬ್ದಶಾಸ್ತ್ರಜ್ಞರಿಗೆ ವಿನೋದಕರವಾದ ಒಂದು ವಿಷಯವುಂಟು. ಇಂಗ್ಲಿಷಿನ ಈ ಶಬ್ದವೇ ಗುಜರಾತಿ ಮರಾಠಿಗಳಲ್ಲಿ ನೀರಿನ ತೊಟ್ಟಿಗಿರುವ ಹೆಸರಿನಿಂದ, ಪೋರ್ಚುಗೀಸರ ಮಾತಿನ ಸಂಪರ್ಕವನ್ನೂ ಪಡೆದು, ಬಂದಿರಬೇಕೆಂದು ನಿಘಂಟುಕಾರರು ಊಹಿಸುವರು. ಮೈಸೂರು ಸಂಸ್ಥಾನದ ಇಂಗ್ಲಿಷ್ ಕಾಗದಪತ್ರಗಳಲ್ಲೆಲ್ಲ ಟ್ಯಾಂಕೆಂದರೆ ಕೆರೆಯೇ. ಭಾರತದಿಂದ ನೀರಿನ ಪಾತ್ರೆಯಾಗಿ ಹೋದ ಮಾತು ಬೆಂಕಿಯುಗುಳುವ ಯಂತ್ರವಾಗಿ ಹಿಂದಿರುಗಿತು.

1916ರ ಸೆಪ್ಟೆಂಬರ್ 15ರಂದು ಸೊಮ್ಮೆಯ ರಣಭೂಮಿಯಲ್ಲಿ ಟ್ಯಾಂಕುಗಳು ಮೊದಲು ಕಾಣಿಸಿಕೊಂಡುವು. ಗೊತ್ತುಮಾಡಿದ್ದ 49ರಲ್ಲಿ ಹೊರಡುವ ಸ್ಥಳವನ್ನು ಮುಟ್ಟಿದುವು 32 ಮಾತ್ರ. ಮರುವರ್ಷ ನವೆಂಬರಿನಲ್ಲಿ ಕ್ಯಾಂಬ್ರೆಯೆಂಬಲ್ಲಿ 476 ಟ್ಯಾಂಕುಗಳು ಒಟ್ಟಿಗೆ ನುಗ್ಗಿದುವು. ಅದೇ 1917ರಲ್ಲಿ ಟ್ಯಾಂಕುಗಳಿಗೆ ಪ್ರತ್ಯೇಕವಾದ ಒಂದು ದಳವನ್ನು ಕಟ್ಟಿದರು. 1923ರಲ್ಲಿ ಅದಕ್ಕೆ ರಾಜಬಿರುದು ಸಿಕ್ಕಿತು. ಇಂಗ್ಲೆಂಡಿನಲ್ಲಿ ಟ್ಯಾಂಕುದಳವು ಅಶ್ವದಳದ ಮಗುವಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು. ಅದು ಯಂತ್ರಜ್ಞರ ದಳವಾಗಿ ಬೇರೆಯೇ ಹುಟ್ಟಿತು. ಅಶ್ವದಳವು ಬಹುಕಾಲ ಅದನ್ನು ಹೊರಗಿನದೆಂದೇ ನೋಡಿತು. 1939ರಲ್ಲಿ ಎರಡನ್ನೂ ಒಂದೇ ಹೆಸರಿನ ಕೆಳಗೆ ತಂದರು. ಭಾರತದಲ್ಲಿ ಇಂಥ ಪ್ರತ್ಯೇಕದಳವು ಹುಟ್ಟಲಿಲ್ಲ. ಕುದುರೆಯಿಂದಿಳಿದವರೇ ನೇರವಾಗಿ ಟ್ಯಾಂಕನ್ನು ಹತ್ತಿದರು.

ಏತಕ್ಕೆ ಹೀಗಾಯಿತು? ಭಾರತೀಯರ ಕೈಗೆ ಹೊಸ ಆಯುಧವನ್ನು ಕೊಡಲು ಆಂಗ್ಲರಿಗೆ ಮನಸ್ಸಿರಲಿಲ್ಲವೆಂಬುದೇ ಮುಖ್ಯಕಾರಣ. 1857ರ ತರುವಾಯ ಬೆಟ್ಟದ ಸಣ್ಣ ಫಿರಂಗಿಗಳನ್ನುಳಿದು ಬೇರೆ ಫಿರಂಗಿಗಳನ್ನು ದೇಶೀಯ ಸೈನಿಕರಿಗೆ ಒಪ್ಪಿಸಿರಲಿಲ್ಲ. ಭಾರತೀಯರ ಮೊದಲನೆಯ ಮೈದಾನದ ಫಿರಂಗಿ ಬ್ರಿಗೇಡನ್ನು ಕಟ್ಟಿದ್ದು 1935ರ ಜನವರಿ 15ರಂದು, ನಮ್ಮ ಬೆಂಗಳೂರಿನಲ್ಲಿ. ಎಪ್ಪತ್ತೆಂಟು ವರ್ಷಗಳ ಅಪನಂಬಿಕೆಯು ಅಷ್ಟರಮಟ್ಟಿಗೆ ಸಡಿಲವಾಯಿತು. ಕವಚಿತವಾಹನಗಳ ವಿಷಯದಲ್ಲಿಯೂ ಇದೇ ನೀತಿ. 1920ರ ದಶಕದಿಂದ ಭಾರತದ ಗಡಿಗಳಲ್ಲಿ ಕವಚಿತ ಮೋಟಾರುಗಳೂ ಹಗುರ ಟ್ಯಾಂಕುಗಳೂ ಓಡಾಡುತ್ತಿದ್ದುವು; ಅವುಗಳೊಳಗೆ ಕುಳಿತಿದ್ದವರು ಇಂಗ್ಲೆಂಡಿನ ಟ್ಯಾಂಕುದಳದವರು. ಭಾರತದ ಸವಾರನು ಭಲ್ಲೆಯನ್ನು ಹಿಡಿದು ಪಕ್ಕದಲ್ಲಿ ಕುದುರೆಯ ಮೇಲಿರುತ್ತಿದ್ದನು. ಯೂರೋಪಿನಲ್ಲಿ ಮತ್ತೆ ಯುದ್ಧದ ಮೋಡಗಳು ಕವಿದ ಮೇಲೆ, 1938ರಲ್ಲಿ ಆಚಿನ್‌ಲೆಕ್ಕನ ಸಮಿತಿಯೂ ಆಮೇಲೆ ಚ್ಯಾಟ್‌ಫೀಲ್ಡನ ಸಮಿತಿಯೂ ಸೈನ್ಯದ ನವೀಕರಣವನ್ನು ಕುರಿತು ವಿಚಾರಮಾಡಿದುವು.

ಮೊದಲು ಕುದುರೆಯನ್ನು ಬಿಟ್ಟವು ಎರಡು ರೆಜಿಮೆಂಟುಗಳು: 13ನೆಯ ಲ್ಯಾನ್ಸರ್ಸ್, ಮತ್ತು 1839ರಲ್ಲಿ ಸ್ಥಾಪಿತವಾದ ಸಿಂಧ್ ಹಾರ್ಸ್. 1938ರ ಏಪ್ರಿಲ್ ತಿಂಗಳಲ್ಲಿ ರಾವಲ್ಪಿಂಡಿಯಲ್ಲಿ ಸಿಂಧ್ ಹಾರ್ಸಿನ ಸವಾರರು ಕೊನೆಯ ಸಲ ಕುದುರೆಗಳ ಮೇಲೆ ಕವಾಯತು ನಡೆಸಿದರು. ಅವರಿಗೆ ದೊರೆತವು ವಿಕರ್ಸ್ ಹಗುರ ಟ್ಯಾಂಕುಗಳೂ ಷೆವರ್ಲೆ ಕವಚಿತ ಮೋಟಾರುಗಳೂ. ಆ ವರ್ಷದ ಮೇ 1ನೆಯ ತೇದಿಯನ್ನು ಕವಚಿತದಳದವರು ಇಂದಿಗೂ ತಮ್ಮ ದಿನವೆಂದು ಆಚರಿಸುವರು. ಭಾರತೀಯ ಕವಚಿತದಳವೆಂಬ ಹೆಸರು ಬಂದದ್ದು 1941ರಲ್ಲಿ.

ಕುದುರೆಯು ಹೋದ ಮಾತ್ರಕ್ಕೆ ಟ್ಯಾಂಕು ಬರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಕುದುರೆಗಳನ್ನು ಒಪ್ಪಿಸಿದ ರೆಜಿಮೆಂಟುಗಳಲ್ಲಿ ಅನೇಕವು ಬರಿಯ ಲಾರಿಗಳಲ್ಲಿ ಯುದ್ಧಕ್ಕೆ ಹೋದುವು. ಮೂರನೆಯ ಭಾರತೀಯ ಮೋಟಾರ್ ಬ್ರಿಗೇಡಿನಲ್ಲಿ ಮೂರು ಅಶ್ವರೆಜಿಮೆಂಟುಗಳಿದ್ದುವು. ಟ್ಯಾಂಕು ಒಂದೂ ಇರಲಿಲ್ಲ. 1941ರ ಏಪ್ರಿಲಿನಲ್ಲಿ ಲಿಬಿಯದ ಮೆಖೀಲಿಯಲ್ಲಿ ರೊಮ್ಮೆಲನ ಪಡೆಗಳು ಈ ಬ್ರಿಗೇಡಿನವರನ್ನು ಸುತ್ತುಗಟ್ಟಿದಾಗ ಕೆಲವರು ಭೇದಿಸಿಕೊಂಡು ಹೊರಬಂದರು, ಬಹುಮಂದಿ ಸೆರೆಯಾದರು. ಮರುವರ್ಷದ ಮೇ ತಿಂಗಳಲ್ಲಿ ಬೀರ್ ಹಕೀಮದ ಬಳಿ ಅದೇ ಬ್ರಿಗೇಡಿನ ಮೇಲೆ ಶತ್ರುಗಳ ಟ್ಯಾಂಕುಗಳು ಹರಿದುಹೋದುವು. ಈ ಸೋಲುಗಳನ್ನು ಸವಾರರ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ವರ್ಷಗಟ್ಟಲೆ ಆಯುಧವನ್ನು ಕೊಡದೆ ಇಟ್ಟವರು ಅದರ ಹೊಣೆಗಾರರು.

ಬರ್ಮೆಯ ಯುದ್ಧದಲ್ಲಿ ಪರಿಸ್ಥಿತಿಯು ಬದಲಾಯಿತು. ಕಾಡಿನಲ್ಲಿಯೂ ಬೆಟ್ಟದಲ್ಲಿಯೂ ಟ್ಯಾಂಕು ನಿರುಪಯೋಗಿಯೆಂಬುದು ಆವರೆಗೆ ಸಿದ್ಧಾಂತದಂತೆ ನಡೆದುಬಂದ ಮಾತು. 1944ರಲ್ಲಿ ಇಂಫಾಲದ ಸುತ್ತ 7ನೆಯ ಲೈಟ್ ಕ್ಯಾವಲ್ರಿಯು ಸ್ಟುವರ್ಟ್ ಎಂಬ ಹಗುರ ಟ್ಯಾಂಕುಗಳೊಡನೆ ಕಾದಿತು. 1945ರ ಮಾರ್ಚಿಯ ಮೊದಲಲ್ಲಿ ಮೆಯಿಕ್ತಿಲ ಪಟ್ಟಣವನ್ನು ಹಿಡಿದ ಸೈನ್ಯದಲ್ಲಿ ಪ್ರೋಬಿನ್ಸ್ ಹಾರ್ಸ್, ಡೆಕ್ಕನ್ ಹಾರ್ಸ್ ರೆಜಿಮೆಂಟುಗಳ ಷರ್ಮನ್ ಟ್ಯಾಂಕುಗಳೂ 16ನೆಯ ಲೈಟ್ ಕ್ಯಾವಲ್ರಿಯ ಕವಚಿತ ಮೋಟಾರುಗಳೂ ಇದ್ದುವು. ಈ ಕಡೆಯ ರೆಜಿಮೆಂಟಿಗೆ ಜೆ. ಎನ್. ಚೌಧರಿಯೆಂಬ ಭಾರತೀಯ ಅಧಿಕಾರಿಯೇ ನಾಯಕನಾಗಿದ್ದನು.

ದಳದ ರಚನೆಯನ್ನು ಈಗ ನೋಡಬಹುದು. ಟ್ಯಾಂಕು ರೆಜಿಮೆಂಟಿನಲ್ಲಿ ಕಾದುವ ಸ್ಕ್ವಾಡ್ರನ್ನುಗಳು ಮೂರು. ಇವುಗಳಿಗೆ ಅಶ್ವದಳದ ಕಾಲದ ಖಡ್ಗಸ್ಕ್ವಾಡ್ರನ್ನೆಂಬ ಹೆಸರೇ ಉಳಿದುಬಂದಿದೆ. ಸ್ವಾತಂತ್ರ್ಯಾನಂತರದ ಭಾರತೀಯ ರಚನೆಯಲ್ಲಿ ಒಂದು ಸ್ಕ್ವಾಡ್ರನ್ನಿಗೆ ಟ್ಯಾಂಕುಗಳು 14: ಮೂರು ಮೂರರ ನಾಲ್ಕು ಟ್ರೂಪುಗಳು, ಸ್ಕ್ವಾಡ್ರನ್ನಿನ ನಾಯಕಸ್ಥಾನದಲ್ಲಿ ಎರಡು. ರೆಜಿಮೆಂಟಿನ ನಾಯಕಸ್ಥಾನದ ಮೂರನ್ನು ಸೇರಿಸಿದರೆ ಒಟ್ಟು 45. ಸಾಮಾನು, ಎಣ್ಣೆ, ಮದ್ದುಗುಂಡು, ದುರಸ್ತಿಗಳಿಗೆ ನಾಲ್ಕನೆಯದೊಂದು ಸ್ಕ್ವಾಡ್ರನ್ನಿರುವುದು. ಟ್ರೂಪಿನ ನಾಯಕನು ತರುಣ ಅಧಿಕಾರಿಯೋ ರಿಸಾಲ್ದಾರನೋ ಆಗಿರುವನು. ಉಳಿದ ಟ್ಯಾಂಕುಗಳಿಗೆ ದಫೇದಾರರು ಒಡೆಯರು. ಷರ್ಮನ್ನಿನಲ್ಲಿ ಐವರು, ಸ್ಟುವರ್ಟಿನಲ್ಲಿಯೂ ಮುಂದೆ ಬಂದ ಸೆಂಚೂರಿಯನ್ನಿನಲ್ಲಿಯೂ ನಾಲ್ವರು, ರಷ್ಯದ ಟಿ-72ರಲ್ಲಿ ಮೂವರು ಕೂಡುವರು. ಅಶ್ವದಳದ ಸವಾರನು ತನ್ನ ಕುದುರೆಯೊಡನೆ ಒಬ್ಬಂಟಿಗನು. ಟ್ಯಾಂಕಿನ ಸವಾರನಿಗೆ ಒಬ್ಬಂಟಿತನವಿಲ್ಲ. ನೋಡುವವನು ಒಬ್ಬ, ನಡೆಸುವವನು ಒಬ್ಬ, ಗುರಿಯಿಡುವವನು ಒಬ್ಬ. ಒಬ್ಬನ ತಪ್ಪಿಗೆ ಎಲ್ಲರೂ ಬೆಂದುಹೋಗುವರು. ವಾಹನವೊಂದೇ ಬದಲಾಯಿತೆನ್ನುವ ಎರಡನೆಯ ಪೂರ್ವಪಕ್ಷಕ್ಕೆ ಇದೂ ಒಂದು ಬಾಧಕ.

ಈ ರಚನೆಯಲ್ಲಿ ಅಶ್ವದಳದಿಂದ ಇಳಿದುಬಂದ ಒಂದು ದೋಷವೂ ಇದ್ದಿತು. 1857ರ ತರುವಾಯದ ನೀತಿಯಂತೆ ಸಾಮಾನ್ಯವಾಗಿ ಒಂದೊಂದು ಸ್ಕ್ವಾಡ್ರನ್ನಿನಲ್ಲಿಯೂ ಒಂದೇ ಜಾತಿಯ ಅಥವಾ ಮತದ ಜನರನ್ನು ಇಡುತ್ತಿದ್ದರು: ಒಂದು ಮುಸಲ್ಮಾನರದು, ಒಂದು ಸಿಕ್ಖರದು, ಒಂದು ಜಾಟರದೋ ರಜಪೂತರದೋ ಡೋಗ್ರರದೋ. ಒಂದು ಸ್ಕ್ವಾಡ್ರನ್ನು ಕೆರಳಿದರೆ ಇನ್ನೊಂದು ಅದನ್ನು ಹತ್ತಿಕ್ಕಬೇಕೆಂಬುದು ಆ ನೀತಿಯ ಒಳಗುಟ್ಟು. 1947ರಲ್ಲಿ ದೇಶವು ಇಬ್ಭಾಗವಾದಾಗ ಇದರ ಫಲವನ್ನು ಉಣ್ಣಬೇಕಾಯಿತು. 21 ರೆಜಿಮೆಂಟುಗಳಲ್ಲಿ ಮೂರು 1937ರಲ್ಲಿಯೇ ಶಿಕ್ಷಣರೆಜಿಮೆಂಟುಗಳಾಗಿ ಮಾರ್ಪಟ್ಟಿದ್ದುವು. ಉಳಿದ 18ರಲ್ಲಿ 12 ಭಾರತಕ್ಕೂ 6 ಪಾಕಿಸ್ತಾನಕ್ಕೂ ಬಂದುವು. ಆದರೆ ಭಾರತಕ್ಕೆ ಬಂದ ರೆಜಿಮೆಂಟಿನ ಮುಸಲ್ಮಾನ ಸ್ಕ್ವಾಡ್ರನ್ನು ಪಾಕಿಸ್ತಾನಕ್ಕೆ ಹೋಗಬೇಕು. ಪಾಕಿಸ್ತಾನದ ರೆಜಿಮೆಂಟಿನ ಸಿಕ್ಖರೂ ಹಿಂದುಗಳೂ ಇತ್ತ ಬರಬೇಕು. ಮೆಯಿಕ್ತಿಲದಲ್ಲಿ ಜೊತೆಯಲ್ಲಿ ಹೋರಾಡಿದವರು ಟ್ಯಾಂಕುಗಳನ್ನೂ ಬೆಳ್ಳಿಯ ಪಾತ್ರೆಗಳನ್ನೂ ಎಣಿಸಿ ಹಂಚಿಕೊಂಡು ಬೇರೆ ಬೇರೆ ರೈಲುಗಳನ್ನು ಹತ್ತಿದರು. ಸಿಂಧೂದೇಶವು ಪಾಕಿಸ್ತಾನಕ್ಕೆ ಸೇರಿತು. ಸಿಂಧ್ ಹಾರ್ಸ್ ಭಾರತಕ್ಕೆ ಬಂದಿತು. ಅದರೊಡನೆ 1938ರಲ್ಲಿ ಕುದುರೆಯನ್ನು ಬಿಟ್ಟ 13ನೆಯ ಲ್ಯಾನ್ಸರ್ಸ್ ಆಚೆಗೆ ಹೋಯಿತು. ಹದಿನೆಂಟು ವರ್ಷಗಳಾದ ಮೇಲೆ ಈ ಅಣ್ಣತಮ್ಮಂದಿರ ರೆಜಿಮೆಂಟುಗಳು ಪಂಜಾಬಿನ ಬಯಲಿನಲ್ಲಿ ಎದುರುಬದುರಾಗಿ ನಿಂತುವು.

ಸ್ವತಂತ್ರ ಭಾರತದ ಮೊದಲ ಎರಡು ವರ್ಷಗಳಲ್ಲಿ ಟ್ಯಾಂಕುದಳವು ಮಾಡಿದ ಕಾರ್ಯಗಳು ಎರಡು. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಪದವಿಗೇರಿದ್ದ ಜೆ. ಎನ್. ಚೌಧರಿಯ ಒಂದನೆಯ ಕವಚಿತ ಡಿವಿಷನ್ನು ಸೊಲ್ಲಾಪುರದ ಕಡೆಯಿಂದ ಹೈದರಾಬಾದ್ ಸಂಸ್ಥಾನವನ್ನು ಹೊಕ್ಕಿತು. ನಳದುರ್ಗದ ಕೋಟೆಯನ್ನು ದಾಟಿ ಹುಮನಾಬಾದಿನ ಮಾರ್ಗವಾಗಿ ಸಾಗಿ ಐದು ದಿನಗಳಲ್ಲಿ ಕೆಲಸವನ್ನು ಮುಗಿಸಿತು. ಬೀದರ, ಕಲಬುರಗಿ, ರಾಯಚೂರುಗಳು ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಹೊಂದಿ ಮುಂದೆ ಕನ್ನಡನಾಡಿನಲ್ಲಿ ಒಂದಾಗುವುದಕ್ಕೆ ಇದು ದಾರಿಯಾಯಿತು.

ಎರಡನೆಯದು ಕಾಶ್ಮೀರದ ಜೋಜಿಲಾ. ಶ್ರೀನಗರದಿಂದ ಲೇಹಕ್ಕೆ ಹೋಗುವ ಮಾರ್ಗದಲ್ಲಿ ಸಮುದ್ರಮಟ್ಟದಿಂದ ಸುಮಾರು 11,500 ಅಡಿಗಳ ಎತ್ತರದ ಕಣಿವೆಯಿದು. 1948ರ ಮೇ ಜೂನ್ ತಿಂಗಳುಗಳಲ್ಲಿ ದ್ರಾಸ್ ಕಾರ್ಗಿಲುಗಳು ಶತ್ರುಗಳ ಕೈಗೆ ಬಿದ್ದು ಲೇಹಕ್ಕೆ ಈ ದಾರಿಯು ಮುಚ್ಚಿಹೋಗಿತ್ತು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಏರಿಹೋಗಿ ನಡೆಸಿದ ಪ್ರಯತ್ನಗಳು ನಿಷ್ಫಲವಾದುವು. ಎರಡು ಕಡೆಗಳಲ್ಲಿಯೂ ಬಂಡೆಗಳ ಸಂದುಗಳಿಂದ ಮೆಷಿನ್‌ಗನ್ನುಗಳು ಸುರಿಯುತ್ತಿದ್ದ ಆ ಕಣಿವೆಯೊಳಕ್ಕೆ ಟ್ಯಾಂಕುಗಳನ್ನು ಹತ್ತಿಸಬೇಕೆಂದು ನಿಶ್ಚಯಿಸಿದರು. ಪಶ್ಚಿಮ ವಿಭಾಗದ ಸೇನಾಪತಿ ಕೆ. ಎಂ. ಕಾರ್ಯಪ್ಪನವರು, ಅಲ್ಲಿನ ಡಿವಿಷನ್ನಿನ ನಾಯಕರು ಕೆ. ಎಸ್. ತಿಮ್ಮಯ್ಯನವರು, ಇಬ್ಬರೂ ಕೊಡಗಿನವರು. ಟ್ಯಾಂಕುಗಳು 7ನೆಯ ಲೈಟ್ ಕ್ಯಾವಲ್ರಿಯವು. ಅದರ ನಾಯಕನು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್.

ಹದಿನೈದು ಟನ್ ತೂಕದ ಸ್ಟುವರ್ಟುಗಳನ್ನು ಜಮ್ಮುವಿನ ಕಡೆಯಿಂದ ದುರ್ಬಲವಾದ ಸೇತುವೆಗಳನ್ನು ದಾಟಿಸಿ ಶ್ರೀನಗರಕ್ಕೆ ತಂದರು. ತೂಕವನ್ನಿಳಿಸುವುದಕ್ಕೂ ಗುರುತು ಮರೆಸುವುದಕ್ಕೂ ಮೇಲಿನ ಫಿರಂಗಿಗೋಪುರಗಳನ್ನು ಕಳಚಿ ಬೇರೆಯಾಗಿ ಸಾಗಿಸಿದರು. ಬಾಲ್ತಾಲಿನಿಂದ ಮೇಲಕ್ಕೆ ಇದ್ದುದು ಹೇಸರಗತ್ತೆ ನಡೆಯುವ ಕಾಲುದಾರಿ. ಅದನ್ನು ಅಗಲಮಾಡಿ ಟ್ಯಾಂಕು ಹತ್ತುವಂತೆ ಮಾಡಿದವರು ಮದ್ರಾಸ್ ಸ್ಯಾಪರ್ಸಿನವರು. ಬೆಂಗಳೂರಿನಲ್ಲಿ ಹಲಸೂರು ಕೆರೆಯ ಬಳಿ ನೆಲೆಯುಳ್ಳ ಈ ದಳದವರು ಹಿಮವೂ ಗುಂಡೂ ಬೀಳುತ್ತಿದ್ದಂತೆಯೇ ಬಂಡೆಗಳನ್ನು ಸಿಡಿಸಿದರು. ಸೇನಾಚರಿತ್ರೆಗಳಲ್ಲಿ ಟ್ಯಾಂಕಿನವರಿಗೆ ಸಲ್ಲುವ ಕೀರ್ತಿಯಲ್ಲಿ ಇವರ ಪಾಲು ಚಿಕ್ಕದಾಗಿ ಕಾಣುವುದು ವಿಷಾದದ ಸಂಗತಿ; ದಾರಿಯಿಲ್ಲದಿದ್ದರೆ ಟ್ಯಾಂಕು ಬಾಲ್ತಾಲಿನಲ್ಲಿಯೇ ನಿಂತಿರುತ್ತಿತ್ತು. ಹಿಮಪಾತದಿಂದ ಮುಹೂರ್ತವು ಮುಂದಕ್ಕೆ ಹೋಗಿ ಕಡೆಗೆ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯನ್ನು ಹೊಕ್ಕುವು. ಅಷ್ಟು ಎತ್ತರದಲ್ಲಿ ಟ್ಯಾಂಕನ್ನು ನಿರೀಕ್ಷಿಸದಿದ್ದ ಶತ್ರುಗಳು ಬಂಡೆಗಳ ಮರೆಯನ್ನು ಬಿಟ್ಟು ಓಡಿದರು. ಆ ತಿಂಗಳ ನಡುವೆ ದ್ರಾಸೂ ಕಡೆಯಲ್ಲಿ ಕಾರ್ಗಿಲೂ ವಶವಾಗಿ ಲೇಹಕ್ಕೆ ಮಾರ್ಗವು ತೆರೆಯಿತು.

ಈ 7ನೆಯ ಲೈಟ್ ಕ್ಯಾವಲ್ರಿಯು ಯಾವುದು? ಮೇಲೆ ಹೇಳಿದ ಸಿಲ್ಲೇದಾರಿಗೆ ಸೇರದ ಮದ್ರಾಸಿನ ಮೂರು ರೆಜಿಮೆಂಟುಗಳಲ್ಲಿ ಒಂದು. 1784ರಲ್ಲಿ ಸ್ಥಾಪಿತವಾಗಿ ಟಿಪ್ಪುಸುಲ್ತಾನನ ಮೇಲಣ ಯುದ್ಧಗಳನ್ನು ಕಂಡದ್ದು. 1923ರಲ್ಲಿ ಭಾರತೀಯ ಅಧಿಕಾರಿಗಳನ್ನು ತುಂಬುವುದಕ್ಕೆಂದು ಆರಿಸಿದ ಎಂಟು ದಳಗಳಲ್ಲಿ ಅಶ್ವದಳದವು ಎರಡು: 7ನೆಯದು ಮತ್ತು 16ನೆಯದು. ಈ 16ನೆಯದೂ ಮದ್ರಾಸಿನ ಆ ಮೂರರಲ್ಲೊಂದೇ. ಸರ್ಕಾರಿ ಕುದುರೆಯ ರೆಜಿಮೆಂಟುಗಳೇ ಭಾರತೀಯ ನಾಯಕತ್ವಕ್ಕೂ ಮೊದಲು ತೆರೆದುವೆಂಬುದು ಆಕಸ್ಮಿಕವಿರಬಹುದು. ಉತ್ತರದ ಸಿಲ್ಲೇದಾರ್ ಪರಂಪರೆಯ ರೆಜಿಮೆಂಟುಗಳಷ್ಟು ಪ್ರತಿಷ್ಠೆಯು ಇವಕ್ಕಿಲ್ಲವೆಂದು ಆಂಗ್ಲರು ಭಾವಿಸಿದ್ದರಿಂದ ಇವುಗಳನ್ನು ಬಿಟ್ಟುಕೊಡುವುದು ಸುಲಭವಾಗಿದ್ದಿರಬಹುದು. ಹೇಗೇ ಇರಲಿ, ಬರ್ಮೆಯಲ್ಲಿ ಚೌಧರಿಯ ಹಿಂದೆಯೂ ಜೋಜಿಲಾದಲ್ಲಿ ರಾಜಿಂದರ್ ಸಿಂಗನ ಹಿಂದೆಯೂ ನಡೆದವರು ಇವೇ ಎರಡು ರೆಜಿಮೆಂಟುಗಳವರು.

ತರುವಾಯದ ಚರಿತ್ರೆಯು ಎಲ್ಲರಿಗೂ ತಿಳಿದದ್ದೇ. 1965ರ ಸೆಪ್ಟೆಂಬರಿನಲ್ಲಿ ಅಸಲ್ ಉತ್ತರದಲ್ಲಿ ನೀರು ಹಾಯಿಸಿದ ಕಬ್ಬಿನ ಗದ್ದೆಗಳ ನಡುವೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಸಿಕ್ಕಿಕೊಂಡುವು. ಸಿಯಾಲಕೋಟೆಯ ಕಡೆ ಪೂನಾ ಹಾರ್ಸಿನ ನಾಯಕ ತಾರಾಪೂರ್ ಮಡಿದು ಪರಮವೀರಚಕ್ರವನ್ನು ಪಡೆದನು; ಅಲ್ಲಿ ಭಾರತದ ಕವಚಿತ ಡಿವಿಷನ್ನನ್ನು ನಡೆಸಿದವನು ಜೋಜಿಲಾದ ರಾಜಿಂದರ್ ಸಿಂಗನೇ, ಸೈನ್ಯಕ್ಕೆಲ್ಲ ಮುಖ್ಯನು ಚೌಧರಿಯೇ. 1971ರ ಡಿಸೆಂಬರ್ 16ರಂದು ಅದೇ ಪೂನಾ ಹಾರ್ಸಿನ ಅರುಣ್ ಖೇತರ್‌ಪಾಲನೆಂಬ ಇಪ್ಪತ್ತೊಂದು ವಯಸ್ಸಿನ ಯುವಕನು ಉರಿಯುತ್ತಿದ್ದ ಟ್ಯಾಂಕನ್ನು ಬಿಡಲೊಲ್ಲದೆ ಪ್ರಾಣಕೊಟ್ಟನು. ಮದ್ರಾಸಿನ ಬಳಿಯ ಆವಡಿಯಲ್ಲಿ ವಿಜಯಂತ ಟ್ಯಾಂಕುಗಳು ತಯಾರಾದುವು. ಆಮೇಲೆ ಟಿ-72, ಟಿ-90, ಅರ್ಜುನಗಳು ಬಂದುವು. ದಳದ ಶಿಕ್ಷಣಕೇಂದ್ರವು ಅಹಮದ್‌ನಗರದಲ್ಲಿದೆ. ಆ ಊರಿಗೆ ಈಗ ಅಹಿಲ್ಯಾನಗರವೆಂದು ಹೆಸರು. 1947ರ ಹನ್ನೆರಡು ರೆಜಿಮೆಂಟುಗಳು ಈಗ ಅರವತ್ತಕ್ಕೂ ಮೀರಿವೆ. ಹೊಸದಾಗಿ ಕಟ್ಟಿದ ರೆಜಿಮೆಂಟಿನಲ್ಲಿಯೂ, ಕುದುರೆಯನ್ನೆಂದೂ ಕಾಣದಿದ್ದರೂ, ಸವಾರನೆಂಬ ಪದವಿಯೇ ಉಂಟು.

ಕುದುರೆಯನ್ನು ಬಿಡದೆ ಉಳಿದ ರೆಜಿಮೆಂಟು ಒಂದಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಭಲ್ಲೆಗಳೊಡನೆ ನುಗ್ಗಿದವರು ಜೋಧಪುರದ ಮತ್ತು ಮೈಸೂರಿನ ಲ್ಯಾನ್ಸರುಗಳು. ಸಂಸ್ಥಾನಗಳು ಭಾರತದಲ್ಲಿ ಸೇರಿಹೋದ ಮೇಲೆ ಅವುಗಳ ಅಶ್ವದಳಗಳನ್ನು ಒಂದುಗೂಡಿಸಿ 1953ರಲ್ಲಿ 61ನೆಯ ಕ್ಯಾವಲ್ರಿಯನ್ನು ಕಟ್ಟಿದರು. ಮೈಸೂರು ಲ್ಯಾನ್ಸರುಗಳಲ್ಲಿ ಉಳಿದಿದ್ದವರೂ ಅದರಲ್ಲಿ ಸೇರಿದರು. ಅಲ್ಲಿಯೂ ಕುದುರೆಗಳು ಸರ್ಕಾರದವೇ.